ವಿಶ್ರಾಂತಿಯ ಉಪದೇಶ ಮತ್ತು ಚಲನೆಯ ಉಪದೇಶ: ಮಲ್ಟಿಪಲ್ ಸ್ಕ್ಲಿರೋಸಿಸ್ ಕುರಿತ ವೈದ್ಯಕೀಯ ಸಲಹೆಗಳ ಒಂದು ವಿಮರ್ಶೆ

೧

ವೈದ್ಯನು ರೋಗಿಗೆ ಕೊಡುವ ಸಲಹೆಯೂ ಒಂದು ಐತಿಹಾಸಿಕ ದಾಖಲೆಯೇ. ಶಾಸನವೊಂದನ್ನು ಓದುವಾಗ ಅದನ್ನು ಬರೆಯಿಸಿದವರಾರು, ಯಾರನ್ನು ಉದ್ದೇಶಿಸಿ ಬರೆಯಿಸಿದರು, ಅದು ಯಾವ ನೆಲದಲ್ಲಿ ನಿಂತಿದೆ ಎಂಬ ಪ್ರಶ್ನೆಗಳನ್ನು ನಾವು ಕೇಳುತ್ತೇವೆ. ಇದೇ ಪ್ರಶ್ನೆಗಳನ್ನು ವೈದ್ಯಕೀಯ ಸಲಹೆಗಳನ್ನು ಓದುವಾಗಲೂ ಕೇಳಬಹುದು. ಕೇಳುವುದು ಅಗತ್ಯವೂ ಹೌದು. ವೈದ್ಯಶಾಸ್ತ್ರದ ಒಳಗಿನ ತೀರ್ಮಾನಗಳನ್ನು ಪ್ರಶ್ನಿಸುವ ಅಧಿಕಾರ ಇತಿಹಾಸದ ವಿದ್ಯಾರ್ಥಿಗೆ ಇಲ್ಲವೆಂಬುದು ದಿಟ. ಆದರೆ ಒಂದು ಕಾಲದಲ್ಲಿ ಒಂದು ದೇಶದಲ್ಲಿ ಹುಟ್ಟಿದ ಮಾತು ಮತ್ತೊಂದು ಕಾಲ ದೇಶಗಳಿಗೆ ಬಂದಾಗ ಅದರ ಅರ್ಥವೇನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಅವನ ಕೆಲಸವೇ ಆಗಿದೆ.

ಪ್ರಸ್ತುತ ಲೇಖನದಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗವುಳ್ಳವರ ಶರೀರಚಲನೆ ಹಾಗೂ ಆಸೀನಸ್ಥಿತಿಯನ್ನು ಕುರಿತ ಸಲಹೆಗಳನ್ನು. ಇವುಗಳಲ್ಲಿ ಮುಖ್ಯವಾದುದು ಅಮೆರಿಕದ ರಾಷ್ಟ್ರೀಯ ಮಲ್ಟಿಪಲ್ ಸ್ಕ್ಲಿರೋಸಿಸ್ ಸಂಘವು ಕರೆದ ತಜ್ಞರ ಮಂಡಲಿ ಸಿದ್ಧಪಡಿಸಿ, ರೋಸಲಿಂಡ್ ಕಾಲ್ಬ್ ಮತ್ತು ಅವರ ಸಹೋದ್ಯೋಗಿಗಳ ಹೆಸರಿನಲ್ಲಿ ೨೦೨೦ರಲ್ಲಿ ಪ್ರಕಟವಾದ ಶಿಫಾರಸು. ಈ ಬರಹವನ್ನು ಅದರ ಹಿನ್ನೆಲೆಯ ಚರಿತ್ರೆಯೊಡನೆ ಓದಿ, ಬಳಿಕ ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ದಢೇಸುಗೂರಿನಂತಹ ಊರಿನ ಬದುಕಿಗೆ ಅದನ್ನು ಒರೆಹಚ್ಚಿ ನೋಡುವುದು ನಮ್ಮ ಉದ್ದೇಶ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡಬಹುದು: ಹಳೆಯ ವೈದ್ಯರು ವಿಧಿಸಿದ ವಿಶ್ರಾಂತಿ ಒಂದು ತಪ್ಪು ಓದಿನಿಂದ ಹುಟ್ಟಿತು, ಹೊಸ ವೈದ್ಯರು ಹೇಳುವ ಚಲನೆಯ ಮಾತು ಸರಿಯಾದುದು, ಆದರೆ ಚಲನೆಯೆಂದರೇನು ಎಂಬುದಕ್ಕೆ ಅವರು ಕೊಡುವ ಅರ್ಥವು ನಮ್ಮ ಕಡೆಯ ಹೊಲ, ಮನೆ, ಬಿಸಿಲುಗಳನ್ನು ಕಂಡುದಲ್ಲ.

೨

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. ಮೆದುಳು ಮತ್ತು ಬೆನ್ನುಹುರಿಗಳಲ್ಲಿರುವ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯುಂಟು. ವಿದ್ಯುತ್ತಿನ ತಂತಿಗೆ ಮೇಲ್ಹೊದಿಕೆ ಹೇಗೋ ಹಾಗೆ ಇದು ನರಸಂದೇಶವು ಬೇಗನೆ, ಸೋರಿಹೋಗದೆ ಹರಿಯುವಂತೆ ಮಾಡುತ್ತದೆ. ಶರೀರವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ಈ ಹೊದಿಕೆಯ ಮೇಲೆ ತಿರುಗಿಬಿದ್ದಾಗ ಅಲ್ಲಲ್ಲಿ ಅದು ನಾಶವಾಗಿ, ಆ ಜಾಗಗಳು ಗಟ್ಟಿಗೊಳ್ಳುತ್ತವೆ. ಹೆಸರಿನ ಅರ್ಥವೂ ‘ಅನೇಕ ಕಡೆ ಗಟ್ಟಿಗೊಳ್ಳುವಿಕೆ’ ಎಂದೇ. ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ ಎಂಬ ವೈದ್ಯನು ೧೮೬೮ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ನಿರೂಪಿಸಿದನು. ಕಣ್ಣು ಮಂಜಾಗುವುದು, ಕೈಕಾಲುಗಳಲ್ಲಿ ಜೋಮು, ನಡಿಗೆಯಲ್ಲಿ ತೂಕ ತಪ್ಪುವುದು, ಮೂತ್ರದ ತೊಂದರೆ, ಇವೆಲ್ಲಕ್ಕೂ ಮಿಗಿಲಾಗಿ ವಿವರಿಸಲು ಬಾರದ ದಣಿವು, ಇವು ಇದರ ಲಕ್ಷಣಗಳು. ಹೆಚ್ಚಿನವರಲ್ಲಿ ರೋಗವು ಒಮ್ಮೆ ಉಲ್ಬಣಿಸಿ, ಒಮ್ಮೆ ಇಳಿದು, ಮತ್ತೆ ಮರುಕಳಿಸುತ್ತದೆ. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ತಲೆದೋರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇಮ್ಮಡಿಗೂ ಮಿಕ್ಕಿ ಕಾಣುತ್ತದೆ. ಎಂದರೆ ದುಡಿಯುವ, ಹೆರುವ, ಮನೆ ನಡೆಸುವ ವಯಸ್ಸಿಗೇ ಇದು ಬರುವುದೆಂದಾಯಿತು.

ಇದು ಶೀತದೇಶಗಳ ರೋಗ, ನಮ್ಮಲ್ಲಿ ಇಲ್ಲವೆನ್ನುವಷ್ಟು ವಿರಳ ಎಂಬ ಅಭಿಪ್ರಾಯ ಬಹುಕಾಲ ಇತ್ತು. ೧೯೮೦ರ ದಶಕದಲ್ಲಿ ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬರ ಆಸುಪಾಸಿನಲ್ಲಿ ಅಂದಾಜು ಮಾಡುತ್ತಿದ್ದರು. ಕರ್ನಾಟಕದಲ್ಲಿ ಈ ಅಭಿಪ್ರಾಯವನ್ನು ಕ್ಷೇತ್ರಕಾರ್ಯದಿಂದ ಪರೀಕ್ಷಿಸಿದವರಲ್ಲಿ ಮಂಗಳೂರಿನ ನರರೋಗತಜ್ಞೆ ಡಾ. ಲೇಖಾ ಪಂಡಿತ್ ಅವರ ಹೆಸರು ಮುಖ್ಯವಾದುದು. ೨೦೧೪ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿಗೆ ಈ ರೋಗವಿತ್ತು. ಈ ವ್ಯತ್ಯಾಸವನ್ನು ಕಂಡು ರೋಗವೇ ಎಂಟುಪಟ್ಟು ಹೆಚ್ಚಿತೆಂದು ತಿಳಿಯಲಾಗದು. ಎಂ.ಆರ್.ಐ. ಯಂತ್ರ ಬಂದ ಮೇಲೆ, ನರತಜ್ಞರು ಹೆಚ್ಚಿದ ಮೇಲೆ ಕಣ್ಣಿಗೆ ಬೀಳದಿದ್ದುದು ಕಣ್ಣಿಗೆ ಬಿದ್ದಿತೆಂಬುದು ಇದರ ಮುಖ್ಯ ವಿವರಣೆ. ಆಕರಗಳಿಲ್ಲದ ಕಡೆ ಘಟನೆಯೇ ಇಲ್ಲವೆಂದು ಬರೆಯುವ ಚರಿತ್ರಕಾರನ ದೋಷವೇ ಇಲ್ಲಿಯೂ ನಡೆದಿದ್ದಿತು. ಯಂತ್ರವೂ ತಜ್ಞರೂ ಇರುವ ನಗರದಲ್ಲಿ ಸಂಖ್ಯೆ ಹೀಗೆ ಏರಿತೆಂದರೆ, ಅವೆರಡೂ ದೂರವಾಗಿರುವ ತಾಲೂಕುಗಳಲ್ಲಿ ಈ ರೋಗವು ಬೇರೆ ಬೇರೆ ಹೆಸರುಗಳಲ್ಲಿ, ಬಹುಶಃ ‘ನರಗಳ ಬಲಹೀನತೆ’ ಎಂಬ ಸಾಮಾನ್ಯ ಮಾತಿನಲ್ಲಿ, ಅಡಗಿರುವ ಸಂಭವವನ್ನು ತಳ್ಳಿಹಾಕುವಂತಿಲ್ಲ.

೩

ಇನ್ನು ವಿಶ್ರಾಂತಿಯ ಉಪದೇಶದ ಮೂಲವನ್ನು ನೋಡೋಣ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ ಈ ರೋಗವುಳ್ಳ ನೂರು ಮಂದಿಯ ಕಣ್ಣುಗಳನ್ನು ಪರೀಕ್ಷಿಸಿ ೧೮೯೦ರಲ್ಲಿ ತನ್ನ ಅವಲೋಕನಗಳನ್ನು ಪ್ರಕಟಿಸಿದನು. ಅವರಲ್ಲಿ ಕೆಲವರಿಗೆ ದೈಹಿಕ ಶ್ರಮದ ಬಳಿಕ ದೃಷ್ಟಿ ಮಂಕಾಗುತ್ತಿತ್ತು. ದಣಿವಾರಿದ ಮೇಲೆ ಮರಳಿ ತಿಳಿಯಾಗುತ್ತಿತ್ತು. ಅವಲೋಕನವು ನಿಖರವಾದುದೇ. ಆದರೆ ಶ್ರಮಪಡುವ ದೇಹದಲ್ಲಿ ಎರಡು ಸಂಗತಿಗಳು ಜತೆಯಾಗಿ ನಡೆಯುತ್ತವೆ: ಸ್ನಾಯುಗಳು ದುಡಿಯುತ್ತವೆ, ಮೈ ಕಾಯುತ್ತದೆ. ಇವೆರಡರಲ್ಲಿ ಕಾರಣವಾವುದು? ಊಟ್‌ಹೋಫ್ ಶ್ರಮವನ್ನೇ ಕಾರಣವೆಂದು ತಿಳಿದನು. ದಶಕಗಳ ಅನಂತರ, ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಸುಮ್ಮನೆ ಕುಳ್ಳಿರಿಸಿದರೂ ಇದೇ ಲಕ್ಷಣಗಳು ತೋರುವುದನ್ನು ವೈದ್ಯರು ಕಂಡರು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಈ ಬಿಸಿನೀರಿನ ಪರೀಕ್ಷೆಯನ್ನು ರೋಗನಿರ್ಣಯಕ್ಕೂ ಬಳಸುತ್ತಿದ್ದರು. ಹೊದಿಕೆ ಕಳೆದುಕೊಂಡ ನರತಂತುವಿನಲ್ಲಿ ಮೈಶಾಖವು ಅರ್ಧ ಡಿಗ್ರಿಯಷ್ಟು ಏರಿದರೂ ಸಂದೇಶವು ಕಡಿದುಹೋಗಬಹುದು. ಶಾಖ ಇಳಿದಾಗ ಮರಳಿ ಹರಿಯಬಹುದು. ಹೀಗೆ ನಿಜವಾದ ಕಾರಣ ಶಾಖ, ಶ್ರಮವಲ್ಲ. ಅದರ ಪರಿಣಾಮ ತಾತ್ಕಾಲಿಕ, ನರಕ್ಕೆ ಹೊಸ ಹಾನಿಯಲ್ಲ.

ಇಷ್ಟು ತಿಳಿದ ಮೇಲೂ ಉಪದೇಶವು ಬದಲಾಗಲಿಲ್ಲವೆಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ. ‘ದಣಿಯಬೇಡಿ, ಶಕ್ತಿಯನ್ನು ಉಳಿಸಿಕೊಳ್ಳಿ’ ಎಂಬ ಮಾತು ವೈದ್ಯರಿಂದ ವೈದ್ಯರಿಗೆ, ಅವರಿಂದ ಮನೆಗಳಿಗೆ ಸಾಗಿ ಬಂದಿತು. ಇದಕ್ಕೆ ಒಂದು ಕಾರಣ, ವಿಶ್ರಾಂತಿಯ ಸಲಹೆಯಲ್ಲಿ ಕರುಣೆ ಕಾಣುತ್ತದೆ. ಬೇರೆ ಮದ್ದಿಲ್ಲದ ಕಾಲದಲ್ಲಿ ವೈದ್ಯನು ಕೊಡಬಲ್ಲುದು ಅದೊಂದೇ ಆಗಿದ್ದಿತು. ಆದರೆ ಕುಳಿತ ದೇಹಕ್ಕೆ ತನ್ನದೇ ರೋಗಗಳುಂಟು. ಸ್ನಾಯು ಕ್ಷಯಿಸುತ್ತದೆ, ಮೂಳೆ ಸವೆಯುತ್ತದೆ, ಕೀಲು ಬಿಗಿಯುತ್ತದೆ, ಹೃದಯದ ಬಲ ಕುಗ್ಗುತ್ತದೆ, ಮನಸ್ಸು ಕುಂದುತ್ತದೆ. ಇವೆಲ್ಲವೂ ಮೂಲರೋಗದ ಲಕ್ಷಣಗಳಂತೆಯೇ ತೋರುವುದರಿಂದ, ವಿಶ್ರಾಂತಿಯಿಂದ ಬಂದ ದುರ್ಬಲತೆಯನ್ನು ರೋಗದ ಲೆಕ್ಕಕ್ಕೆ ಬರೆದು, ಮತ್ತಷ್ಟು ವಿಶ್ರಾಂತಿಯನ್ನು ವಿಧಿಸುವುದು ಸುಲಭವಾಯಿತು. ತಪ್ಪು ತನ್ನನ್ನು ತಾನೇ ಸಮರ್ಥಿಸಿಕೊಳ್ಳುವ ಕ್ರಮ ಇದು.

೪

ಈ ವರ್ತುಲವನ್ನು ಮುರಿದ ಪ್ರಯೋಗಗಳಲ್ಲಿ ೧೯೯೬ರದು ಪ್ರಸಿದ್ಧವಾದುದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜ್ಯಾಕ್ ಪೆಟಾಜನ್ ಮತ್ತು ಸಹೋದ್ಯೋಗಿಗಳು ಈ ರೋಗವುಳ್ಳ ೫೪ ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ಸಲ ೪೦ ನಿಮಿಷಗಳಂತೆ ೧೫ ವಾರ ಕೈಕಾಲುಗಳ ವ್ಯಾಯಾಮ ಮಾಡಿಸಿದರು. ವ್ಯಾಯಾಮ ಮಾಡಿದವರಲ್ಲಿ ಉಸಿರಿನ ಶಕ್ತಿ, ಸ್ನಾಯುಬಲ ಹೆಚ್ಚಿ, ಮನೋಭಾವವೂ ಸುಧಾರಿಸಿತು, ರೋಗ ಕೆರಳಲಿಲ್ಲ. ೨೦೦೫ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯೊಂದು ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಿಗೆ ತೂಗಿ, ವ್ಯಾಯಾಮದಿಂದ ಪ್ರಯೋಜನವುಂಟು, ಹಾನಿಯ ಕುರುಹಿಲ್ಲ ಎಂಬ ನಿರ್ಣಯಕ್ಕೆ ಬಂದಿತು. ೨೦೧೩ರಲ್ಲಿ ಕೆನಡದ ವಿದ್ವಾಂಸರು ಅಲ್ಪ ಮತ್ತು ಮಧ್ಯಮ ಅಂಗವೈಕಲ್ಯವುಳ್ಳವರಿಗೆ ವಾರಕ್ಕೆ ಎರಡು ಸಲ ೩೦ ನಿಮಿಷಗಳ ಮಧ್ಯಮ ವ್ಯಾಯಾಮವನ್ನೂ, ಎರಡು ಸಲ ಸ್ನಾಯುಬಲದ ಅಭ್ಯಾಸವನ್ನೂ ಸೂಚಿಸಿದರು. ೨೦೨೦ರ ಶಿಫಾರಸು ಈ ಸಾಲಿನಲ್ಲಿ ಬಂದುದು.

ಅದರ ಸಾರ ಇಷ್ಟು: ವಾರಕ್ಕೆ ಕನಿಷ್ಠ ೧೫೦ ನಿಮಿಷ ವ್ಯಾಯಾಮ, ಅಥವಾ ೧೫೦ ನಿಮಿಷ ನಿತ್ಯಜೀವನದ ಶರೀರಚಲನೆ, ಅಥವಾ ಎರಡೂ, ಈ ಗುರಿಯತ್ತ ಮೆಲ್ಲಮೆಲ್ಲನೆ, ಅವರವರ ಶಕ್ತಿ, ಇಚ್ಛೆ, ಸುರಕ್ಷತೆಗಳಿಗೆ ತಕ್ಕಂತೆ ಸಾಗಬೇಕು, ಅಂಗವೈಕಲ್ಯ ಹೆಚ್ಚಿದಾಗ ತಜ್ಞರ ನೆರವು ಪಡೆಯಬೇಕು, ಚಲನೆ ಬಹಳ ಕುಗ್ಗಿದವರಿಗೆ ತರಬೇತಿ ಪಡೆದ ಸಹಾಯಕರು ವ್ಯಾಯಾಮ ಮಾಡಿಸಬೇಕು.

ಈ ಬರಹದ ಗುಣಗಳನ್ನು ಒಪ್ಪಿಕೊಳ್ಳದಿರುವುದು ನ್ಯಾಯವಲ್ಲ. ಮೊದಲನೆಯದಾಗಿ, ಹಾಸಿಗೆ ಹಿಡಿದವರನ್ನೂ ಅದು ಕೈಬಿಡುವುದಿಲ್ಲ. ಎರಡನೆಯದಾಗಿ, ಆಟದ ಬಯಲಿನ ವ್ಯಾಯಾಮವೊಂದನ್ನೇ ಹಿಡಿದು ಕೂರದೆ, ಗೃಹಕೃತ್ಯ, ಉದ್ಯೋಗಗಳಲ್ಲಿನ ಚಲನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೂರನೆಯದಾಗಿ, ಒಂದೇ ಅಳತೆಯನ್ನು ಎಲ್ಲರ ಮೇಲೆ ಹೇರದೆ, ರೋಗದ ಹಂತಕ್ಕೆ ತಕ್ಕಂತೆ ಮಾತನ್ನು ಬದಲಿಸುತ್ತದೆ. ನೂರು ವರ್ಷಗಳಿಗೂ ಮೀರಿ ರೋಗಿಯನ್ನು ಕುಳ್ಳಿರಿಸಿದ ಪರಂಪರೆಗೆ ಇದು ಸ್ಪಷ್ಟವಾದ ಉತ್ತರ. ನಮ್ಮ ಆಕ್ಷೇಪಣೆಗಳು ಈ ಮನ್ನಣೆಯ ಅನಂತರವೇ ಬರತಕ್ಕವು.

೫

ಆಕ್ಷೇಪಣೆಗಳಿಗೆ ಮುನ್ನ ‘ಆಸೀನಸ್ಥಿತಿ’ ಎಂಬ ಕಲ್ಪನೆಯ ಹುಟ್ಟನ್ನು ಸ್ವಲ್ಪ ನೋಡಬೇಕು. ಜೆರಿ ಮಾರಿಸ್ ಮತ್ತು ಸಹೋದ್ಯೋಗಿಗಳು ೧೯೫೩ರಲ್ಲಿ ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ, ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯರೋಗ ಕಡಿಮೆಯೆಂದು ತೋರಿಸಿದರು. ಆಧುನಿಕ ಚಲನಶಾಸ್ತ್ರಕ್ಕೆ ಇದು ತಳಹದಿ. ೨೦೧೨ರಲ್ಲಿ ಈ ಕ್ಷೇತ್ರದ ವಿದ್ವಾಂಸರು ಒಂದು ವ್ಯಾಖ್ಯೆಯನ್ನು ಸೂಚಿಸಿದರು: ಎಚ್ಚರವಾಗಿರುವಾಗ, ಕುಳಿತೋ ಒರಗಿಯೋ ಇದ್ದು, ಸುಮ್ಮನಿರುವ ದೇಹದ ವ್ಯಯದ ಒಂದೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಬಳಸದ ಸ್ಥಿತಿಯೇ ಆಸೀನಸ್ಥಿತಿ. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಅಂಗವೈಕಲ್ಯವುಳ್ಳವರಿಗೂ ಮೊದಲ ಬಾರಿಗೆ ಪ್ರತ್ಯೇಕವಾಗಿ ಸಲಹೆಯಿತ್ತು, ಕೂರುವ ಹೊತ್ತನ್ನು ಕಡಿಮೆ ಮಾಡಬೇಕೆಂದಿತು. ಮಲ್ಟಿಪಲ್ ಸ್ಕ್ಲಿರೋಸಿಸ್ ಉಳ್ಳವರಲ್ಲಿ ಚಲನೆಯನ್ನೂ ಆಸೀನಸ್ಥಿತಿಯನ್ನೂ ಅಳೆದು ತೋರಿಸಿದವರಲ್ಲಿ ಅಮೆರಿಕದ ರಾಬರ್ಟ್ ಮೋಟಲ್ ಪ್ರಮುಖರು.

ಈ ವ್ಯಾಖ್ಯೆಯ ಹಿಂದೆ ಕುರ್ಚಿಯೊಂದಿದೆ ಎಂಬುದನ್ನು ವಾಚಕರು ಗಮನಿಸಬೇಕು. ಕುಳಿತುಕೊಳ್ಳುವುದೆಂದರೆ ಬೆನ್ನೊರಗಿಸಿ ಕುರ್ಚಿಯಲ್ಲಿ ಕೂರುವುದೆಂದೇ ಅದರ ಚಿತ್ರ. ಆದರೆ ಡೇವಿಡ್ ರೈಕ್ಲನ್ ಮತ್ತು ಸಹೋದ್ಯೋಗಿಗಳು ೨೦೨೦ರಲ್ಲಿ ತಾಂಜಾನಿಯದ ಹಾಡ್ಜಾ ಬೇಡರನ್ನು ಕುರಿತು ಬರೆದ ಪ್ರಬಂಧ ಬೇರೊಂದು ಚಿತ್ರವನ್ನು ಕೊಡುತ್ತದೆ. ಹಾಡ್ಜಾ ಜನರೂ ದಿನಕ್ಕೆ ಸುಮಾರು ಹತ್ತು ಗಂಟೆ ನಡೆಯದೆ ಇರುತ್ತಾರೆ; ಆದರೆ ಅದರಲ್ಲಿ ಬಹುಭಾಗ ಕುಕ್ಕರಗಾಲಿನಲ್ಲಿಯೋ ನೆಲದ ಮೇಲೋ ಕೂರುವುದರಿಂದ ಅವರ ಕಾಲಿನ ಸ್ನಾಯುಗಳು ಸಂಪೂರ್ಣ ಸುಮ್ಮನಿರುವುದಿಲ್ಲ. ಎಂದರೆ ಕೂರುವ ಬಗೆಗಳೆಲ್ಲ ಒಂದೇ ಅಲ್ಲ. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವ, ಕುಕ್ಕರಗಾಲಿನಲ್ಲಿ ಪಾತ್ರೆ ತಿಕ್ಕುವ, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವ ಜನರಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯವಿಲ್ಲ.

೬

ಈಗ ದಢೇಸುಗೂರಿಗೆ ಬರೋಣ. ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ಮಾರ್ಗ ಇಲ್ಲಿಯೇ ತುಂಗಭದ್ರೆಯನ್ನು ದಾಟುತ್ತದೆ. ಕೃಷಿ ಸಂಶೋಧನಾ ಕೇಂದ್ರವೂ ಇಲ್ಲಿದೆ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಬಿಟ್ಟ ಮೇಲೆ, ಎಡದಂಡೆ ಕಾಲುವೆಯ ಕೆಳಗಿನ ಸಿಂಧನೂರು ಸೀಮೆಯಲ್ಲಿ ಜೋಳದ ಒಣಬೇಸಾಯವಿದ್ದ ಎರೆಭೂಮಿ ಕ್ರಮೇಣ ಭತ್ತದ ಗದ್ದೆಯಾಯಿತು. ಬೆಳೆ ಬದಲಾದಂತೆ ದೇಹದ ದುಡಿಮೆಯೂ ಬದಲಾಯಿತು. ಕೆಸರಿನಲ್ಲಿ ಬಗ್ಗಿ ಸಸಿ ನಾಟುವುದು ಹೆಂಗಸರ ಪಾಲಿಗೆ ಬಂದಿತು. ನಂತರದ ದಶಕಗಳಲ್ಲಿ ಟ್ರಾಕ್ಟರು, ಕೊಯ್ಲಿನ ಯಂತ್ರಗಳು ಬಂದು ಗಂಡಸರ ದುಡಿಮೆ ಬಹುಮಟ್ಟಿಗೆ ಹಗುರವಾದರೂ ನಾಟಿಯ ಭಾರ ಹೆಂಗಸರ ಬೆನ್ನಿನಿಂದ ಅಷ್ಟಾಗಿ ಇಳಿಯಲಿಲ್ಲ. ಇಂತಹ ಊರಿನಲ್ಲಿ ಮೂವತ್ತರ ವಯಸ್ಸಿನ ಹೆಣ್ಣುಮಗಳೊಬ್ಬಳಿಗೆ ಈ ರೋಗ ಬಂದಿದೆಯೆಂದು ಭಾವಿಸಿ, ೨೦೨೦ರ ಶಿಫಾರಸನ್ನು ಅವಳ ಕೈಯಲ್ಲಿಟ್ಟು ನೋಡೋಣ. ಮೂರು ಆಕ್ಷೇಪಣೆಗಳು ಏಳುತ್ತವೆ.

ಮೊದಲನೆಯದು ಶಾಖದ ಪ್ರಶ್ನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು ಜಿಲ್ಲೆಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಹವಾನಿಯಂತ್ರಿತ ಕೊಠಡಿಯಿರುವ ದೇಶದಲ್ಲಿ ಶಾಖವು ವ್ಯಾಯಾಮದ ಒಂದು ಅಡ್ಡಪರಿಣಾಮ. ತಂಪು ಮಾಡಿಕೊಂಡರೆ ತೀರಿತು. ಇಲ್ಲಿ ಶಾಖವೇ ಹಗಲು. ಊಟ್‌ಹೋಫನ ತಪ್ಪನ್ನು ತಿದ್ದಿದ ಶಾಸ್ತ್ರವು ‘ಶ್ರಮವಲ್ಲ, ಶಾಖ’ ಎಂದಿತು. ಶ್ರಮವನ್ನೂ ಶಾಖವನ್ನೂ ಬೇರ್ಪಡಿಸಲಾಗದ ಊರಿನಲ್ಲಿ ಆ ತಿದ್ದುಪಡಿಯ ಫಲ ರೋಗಿಗೆ ದೊರೆಯಬೇಕಾದರೆ ಗಡಿಯಾರವನ್ನೂ ಶಿಫಾರಸಿನೊಳಗೆ ತರಬೇಕಾಗುತ್ತದೆ. ವಾರಕ್ಕೆ ಎಷ್ಟು ನಿಮಿಷ ಎಂಬುದಕ್ಕಿಂತ ದಿನದ ಯಾವ ಹೊತ್ತು ಎಂಬುದು ಇಲ್ಲಿ ಮುಖ್ಯ. ನಸುಕಿನ ನಡಿಗೆ, ಸಂಜೆಯ ಚಲನೆ, ಕೆಲಸಕ್ಕೆ ಮುನ್ನ ತಣ್ಣೀರಿನ ಸ್ನಾನ, ಕೊರಳಿಗೆ ಒದ್ದೆ ಬಟ್ಟೆ, ಮಧ್ಯಾಹ್ನದ ನೆರಳು, ಇವು ಇಲ್ಲಿ ಚಿಕಿತ್ಸೆಯ ಅಂಗಗಳು. ಬಿಸಿಲಿನಲ್ಲಿ ಕಾಲು ಸೋತಾಗ ಅದು ರೋಗ ಮರುಕಳಿಸಿದ್ದಲ್ಲ, ಮೈ ತಣಿದರೆ ಬಲ ಮರಳುತ್ತದೆ ಎಂಬ ಒಂದು ಮಾತು ಮನೆಯವರಿಗೆ ತಿಳಿದಿದ್ದರೆ ಎಷ್ಟೋ ಭಯ, ಎಷ್ಟೋ ಹೊರಸಿನ ವಾಸ ತಪ್ಪೀತು.

ಎರಡನೆಯದು ದುಡಿಮೆಯ ಪ್ರಶ್ನೆ. ಶಿಫಾರಸು ಉದ್ಯೋಗದ ಚಲನೆಯನ್ನೂ ಎಣಿಸುತ್ತದೆಯೆಂದು ಮೇಲೆ ಹೇಳಿದೆ. ಆದರೆ ಅದು ಕೇಳುವ ಪ್ರಶ್ನೆ ‘ಹೆಚ್ಚಿಸುವುದು ಹೇಗೆ’ ಎಂಬುದು. ನಾಟಿಯ ದಿನಗಳಲ್ಲಿ ಹೆಣ್ಣಾಳು ಒಂದೇ ದಿನದಲ್ಲಿ ೧೫೦ ನಿಮಿಷಗಳನ್ನು ದಾಟಿಬಿಡುತ್ತಾಳೆ. ಅವಳಿಗೆ ಬೇಕಾದುದು ಹೆಚ್ಚಳವಲ್ಲ, ಹಂಚಿಕೆ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಹೋದ್ಯೋಗಿಗಳು ಬಿಡುವಿನ ವೇಳೆಯ ಚಲನೆ ಆರೋಗ್ಯ ಕೊಡುವಂತೆ ಕೂಲಿಯ ಚಲನೆ ಕೊಡುವುದಿಲ್ಲವೆಂದು, ಕೆಲವು ವೇಳೆ ಕೆಡುಕನ್ನೇ ತರುತ್ತದೆಂದು ವಾದಿಸಿದ್ದಾರೆ. ಕಾರಣ ಸ್ಪಷ್ಟವಾಗಿದೆ: ಬಿಡುವಿನಲ್ಲಿ ನಡೆಯುವವನು ದಣಿದಾಗ ನಿಲ್ಲಬಲ್ಲ; ಕೂಲಿಯಾಳು ಸಾಲು ಮುಗಿಯುವವರೆಗೆ ನಿಲ್ಲಲಾರಳು. ಈ ರೋಗದಲ್ಲಿ ಅತ್ಯಂತ ಅವಶ್ಯವಾದುದು ನಡುನಡುವೆ ನಿಲ್ಲುವ ಸ್ವಾತಂತ್ರ್ಯ. ಸಾಲಿನಲ್ಲಿ ಹಿಂದೆ ಬಿದ್ದವಳಿಗೆ ಮರುದಿನ ಕೆಲಸಕ್ಕೆ ಕರೆ ಬಾರದಿರಬಹುದು. ಆದುದರಿಂದ ಅವಳ ಮುಂದಿರುವ ಆಯ್ಕೆಗಳು ಎರಡೇ: ಮಿತಿಮೀರಿದ ದುಡಿಮೆ, ಇಲ್ಲವೇ ಹೊರಸು. ಶಿಫಾರಸು ಹೇಳುವ ಹಿತಮಿತವಾದ ಚಲನೆಗೆ ಇವೆರಡರ ನಡುವೆ ಜಾಗವೇ ಇಲ್ಲ.

ಮೂರನೆಯದು ಅಳತೆಯ ಪ್ರಶ್ನೆ. ಈ ರೋಗದ ಅಂಗವೈಕಲ್ಯವನ್ನು ಅಳೆಯಲು ಎಲ್ಲೆಡೆಯೂ ಬಳಸುವುದು ಜಾನ್ ಕರ್ಟ್ಸ್‌ಕೆ ೧೯೮೩ರಲ್ಲಿ ವಿಸ್ತರಿಸಿ ಕೊಟ್ಟ, ಸೊನ್ನೆಯಿಂದ ಹತ್ತರವರೆಗಿನ ಅಳತೆಗೋಲನ್ನು. ಅದರ ನಡುಭಾಗ ಬಹುಮಟ್ಟಿಗೆ ನಡಿಗೆಯ ಮೇಲೆಯೇ ನಿಂತಿದೆ: ನೆರವಿಲ್ಲದೆ ೫೦೦ ಮೀಟರ್ ನಡೆಯಬಲ್ಲವನು ನಾಲ್ಕರಲ್ಲಿ, ೧೦೦ ಮೀಟರ್ ನಡೆಯಲು ಒಂದು ಕೋಲು ಬೇಕಾದವನು ಆರರಲ್ಲಿ. ಈ ಮೀಟರುಗಳು ಆಸ್ಪತ್ರೆಯ ಸಮತಟ್ಟಾದ ಓಣಿಯ ಮೀಟರುಗಳು. ಗದ್ದೆಯ ಒದ್ದೆ ಬದುವಿನ ಮೇಲಿನ ಐವತ್ತು ಹೆಜ್ಜೆ ಅವುಗಳಿಗೆ ಸಮವಲ್ಲ. ನೆಲದಿಂದ ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು, ಬಯಲಿಗೋ ಶೌಚಾಲಯಕ್ಕೋ ಹೋಗಿ ಬರುವುದು, ತುಂಬಿದ ಕೊಡವನ್ನು ಹೊಸ್ತಿಲು ದಾಟಿಸುವುದು, ಇವುಗಳಲ್ಲಿ ಯಾವುದನ್ನೂ ಆ ಕೋಲು ನೇರವಾಗಿ ಅಳೆಯುವುದಿಲ್ಲ. ಆದರೆ ಹಳ್ಳಿಯ ಹೆಂಗಸಿನ ಸ್ವಾತಂತ್ರ್ಯ ಮೊದಲು ಮುರಿಯುವುದು ಇಲ್ಲಿಯೇ. ಕುಕ್ಕರಗಾಲಿನಿಂದ ಏಳಲಾರದವಳು ಪರರ ನೆರವಿಗೆ ಹಂಗಿಗಳಾಗುತ್ತಾಳೆ. ಹಂಗಿಗೆ ಅಂಜಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಬಿಸಿಲಿನ ನಾಡಿನಲ್ಲಿ ನೀರು ಬಿಡುವುದು ಮತ್ತೊಂದು ಅನರ್ಥಕ್ಕೆ ದಾರಿ.

೭

ಮೇಲಿನ ಮೂರು ಆಕ್ಷೇಪಣೆಗಳ ಹಿಂದೆ ಮತ್ತೂ ಒಂದಿದೆ. ಅದು ಗೌರವದ ಪ್ರಶ್ನೆ. ಈ ರೋಗದ ದಣಿವು ಕಣ್ಣಿಗೆ ಕಾಣದು. ಗಾಯವಿಲ್ಲ, ಜ್ವರವಿಲ್ಲ, ಬೆಳಿಗ್ಗೆ ನಡೆದಾಡಿದವಳು ಮಧ್ಯಾಹ್ನ ಏಳಲಾರಳು. ನೋಡುವವರ ಬಾಯಲ್ಲಿ ಮೊದಲು ಬರುವ ಮಾತು ‘ಮೈಗಳ್ಳಿ’ ಎಂಬುದು. ದುಡಿಮೆಯಿಂದಲೇ ಮನುಷ್ಯನ ಬೆಲೆ ಕಟ್ಟುವ ಸಮಾಜದಲ್ಲಿ ಈ ಮಾತು ರೋಗಕ್ಕಿಂತ ಕ್ರೂರ.

ನಮ್ಮ ಸೀಮೆಯಲ್ಲಿ ದುಡಿಮೆಗೆ ದೊರೆತ ಗೌರವದ ಚರಿತ್ರೆ ದೊಡ್ಡದು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದರು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕವಾಗಿದ್ದಿತು. ಈ ಪರಂಪರೆಯನ್ನು ಅರ್ಧವಾಗಿ ಓದಿದರೆ, ದುಡಿಯಲಾರದವನಿಗೆ ಅದರಲ್ಲಿ ಸ್ಥಾನವಿಲ್ಲವೆಂದು ತೋರಬಹುದು. ಪೂರ್ಣವಾಗಿ ಓದಿದರೆ ಹಾಗಲ್ಲ. ಒಂದು ದಿನ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥನ ಪ್ರಸಿದ್ಧವಾಗಿದೆ. ಕಾಯಕದ ಬೆಲೆ ಅದರ ಪ್ರಮಾಣದಲ್ಲಿ ಇಲ್ಲ, ಅಂದಿನ ಅಳವಿಗೆ ತಕ್ಕಂತೆ ಇರುವುದರಲ್ಲಿದೆ ಎಂಬುದು ಇದರ ತಾತ್ಪರ್ಯ. ಹೆಚ್ಚಾದ ಗಳಿಕೆಯನ್ನು ಕುರಿತ ಈ ಕಥನವನ್ನು ಶರೀರದ ಶಕ್ತಿಗೆ ಅನ್ವಯಿಸುವುದು ನಮ್ಮ ಓದು. ಆದರೂ ಅದು ಬಲಾತ್ಕಾರದ ಓದಲ್ಲವೆಂದು ಭಾವಿಸುತ್ತೇವೆ. ಈ ರೋಗವುಳ್ಳವರಿಗೆ ವೈದ್ಯರು ಹೇಳುವುದೂ ಇಷ್ಟನ್ನೇ: ಇಂದಿನ ಬಲವನ್ನು ಇಂದಿನ ಅಳತೆಗೆ ವೆಚ್ಚ ಮಾಡಿ, ನಾಳೆಯದನ್ನು ಇಂದೇ ಸುರಿಯಬೇಡಿ, ಇಂದಿನದನ್ನು ಕೂಡಿಡಲೂ ಬೇಡಿ. ಹೊಸ ಉಪದೇಶವನ್ನು ಊರಿನ ಭಾಷೆಯಲ್ಲಿ ಹೇಳಬೇಕಾದರೆ ‘ವಾರಕ್ಕೆ ೧೫೦ ನಿಮಿಷ’ ಎಂಬ ಲೆಕ್ಕಕ್ಕಿಂತ ‘ಅಳವಿಗೆ ತಕ್ಕ ಕಾಯಕ’ ಎಂಬ ಮಾತು ಹೆಚ್ಚು ದೂರ ಹೋದೀತು. ಅದರಲ್ಲಿ ಚಲನೆಯೂ ಇದೆ, ಮಿತಿಯೂ ಇದೆ, ಮಾನವೂ ಇದೆ.

೮

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಲಕ್ಷಕ್ಕೆ ಎಂಟು ಮಂದಿಗೆ ಬರುವ ರೋಗಕ್ಕಾಗಿ ಇಷ್ಟು ಚರ್ಚೆ ಏಕೆ? ರಕ್ತಹೀನತೆ, ಕ್ಷಯ, ಮಧುಮೇಹಗಳು ಮನೆಮನೆಯಲ್ಲಿರುವಾಗ ಇದು ಅನುಪಾತ ತಪ್ಪಿದ ಕಾಳಜಿಯಲ್ಲವೇ? ಇದಕ್ಕೆ ಎರಡು ಉತ್ತರಗಳಿವೆ. ಒಂದು, ವಿರಳತೆಯೇ ಈ ರೋಗಿಗಳ ಕಷ್ಟದ ಮೂಲ. ಹತ್ತು ಊರುಗಳಲ್ಲಿ ತಾನೊಬ್ಬಳೇ ಆದವಳಿಗೆ ಹೋಲಿಕೆಯಿಲ್ಲ, ಅನುಭವಸ್ಥರ ಮಾತಿಲ್ಲ. ಪುಸ್ತಕದ ಉಪದೇಶವೊಂದೇ ಅವಳಿಗೆ ಆಸರೆ. ಆದುದರಿಂದಲೇ ಆ ಉಪದೇಶ ಅವಳ ನೆಲಕ್ಕೆ ಹೊಂದಬೇಕು. ಎರಡು, ಇಲ್ಲಿ ಎತ್ತಿದ ಪ್ರಶ್ನೆಗಳು ಪಾರ್ಶ್ವವಾಯು, ಸಂಧಿವಾತ, ಹೃದಯರೋಗಗಳುಳ್ಳ ಎಲ್ಲ ದುಡಿಯುವ ಜನರಿಗೂ ಸಲ್ಲುತ್ತವೆ. ಅವರೆಲ್ಲರಿಗೂ ‘ನಡೆಯಿರಿ’ ಎಂದೋ ‘ವಿಶ್ರಾಂತಿ ತೆಗೆದುಕೊಳ್ಳಿ’ ಎಂದೋ ಒಂದೇ ಪದದಲ್ಲಿ ಹೇಳಿ ಕಳುಹಿಸುವುದು ರೂಢಿಯಾಗಿದೆ.

ಕಾನೂನು ಈ ರೋಗವನ್ನು ಗುರುತಿಸಲು ತಡಮಾಡಿತು. ೧೯೯೫ರ ಅಂಗವಿಕಲರ ಅಧಿನಿಯಮದಲ್ಲಿದ್ದ ಏಳು ವರ್ಗಗಳಲ್ಲಿ ಇದರ ಹೆಸರಿರಲಿಲ್ಲ. ೨೦೧೬ರ ಅಧಿನಿಯಮವು ೨೧ ವರ್ಗಗಳನ್ನು ಹೆಸರಿಸಿ, ಅವುಗಳಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸನ್ನೂ ಸೇರಿಸಿತು. ಇದು ಸ್ವಾಗತಾರ್ಹ. ಆದರೆ ಆ ಅಧಿನಿಯಮದ ಮುಖ್ಯ ಸೌಲಭ್ಯಗಳು ಶೇಕಡ ೪೦ ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವನ್ನು ಅವಲಂಬಿಸಿವೆ. ಏರಿಳಿಯುವ ರೋಗವನ್ನು ಒಂದು ದಿನದ ಪರೀಕ್ಷೆಯಲ್ಲಿ ಶೇಕಡದಿಂದ ಹಿಡಿಯುವುದು ಕಷ್ಟ. ಜನವರಿಯ ತಂಪಿನ ಬೆಳಿಗ್ಗೆ ಚೆನ್ನಾಗಿ ನಡೆದವಳು ಮೇ ತಿಂಗಳ ಮಧ್ಯಾಹ್ನ ನಡೆಯಲಾರಳೆಂಬುದನ್ನು ಪತ್ರ ಹೇಳುವುದಿಲ್ಲ. ಅಳತೆಯ ಪ್ರಶ್ನೆ ಹೀಗೆ ವೈದ್ಯಶಾಲೆಯಿಂದ ಕಚೇರಿಗೂ ಬಂದು ನಿಲ್ಲುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ೨೦೨೦ರ ಶಿಫಾರಸನ್ನು ತಳ್ಳಿಹಾಕಬೇಕೆಂದಲ್ಲ. ಚಲನೆಯು ಔಷಧಕ್ಕೆ ಬದಲಿಯಲ್ಲ, ರೋಗ ಮರುಕಳಿಸಿದ ದಿನಗಳಲ್ಲಿ ವಿಶ್ರಾಂತಿಗೂ ಸ್ಥಾನವುಂಟು. ಆದರೂ ರೋಗಿಯನ್ನು ಹೊರಸಿಗೆ ಒಪ್ಪಿಸುವ ಹಳೆಯ ಕರುಣೆಗೆ ಮರಳುವುದು ಯಾವ ರೀತಿಯಿಂದಲೂ ಸಲ್ಲದು. ಮಾಡಬೇಕಾದುದು ಭಾಷ್ಯ. ಮೂಲವನ್ನು ಗೌರವಿಸುತ್ತಲೇ ಅದನ್ನು ಮತ್ತೊಂದು ನೆಲಕ್ಕೆ ಅನ್ವಯಿಸುವ ಭಾಷ್ಯಕಾರನ ಕೆಲಸ ನಮ್ಮ ಪರಂಪರೆಗೆ ಹೊಸದಲ್ಲ. ನಿಮಿಷದ ಜತೆಗೆ ಹೊತ್ತನ್ನು ಹೇಳುವುದು, ಹೆಚ್ಚಳದ ಜತೆಗೆ ಹಂಚಿಕೆಯನ್ನು ಹೇಳುವುದು, ಓಣಿಯ ನಡಿಗೆಯ ಜತೆಗೆ ನೆಲದಿಂದ ಏಳುವುದನ್ನೂ ಅಳೆಯುವುದು, ಇವು ಆ ಭಾಷ್ಯದ ಮೊದಲ ಮೂರು ಸೂತ್ರಗಳಾಗಬಹುದು. ಸ್ಥಳೀಯ ವೈದ್ಯರು, ಆಶಾ ಕಾರ್ಯಕರ್ತೆ, ಶಾಲೆಯ ಉಪಾಧ್ಯಾಯರು ಇವುಗಳನ್ನು ಕನ್ನಡದಲ್ಲಿ, ಊರಿನ ಉದಾಹರಣೆಗಳೊಡನೆ ಮನೆಗಳಿಗೆ ಮುಟ್ಟಿಸಬಲ್ಲರು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ದುಡಿಮೆ, ಬಿಸಿಲು, ಕೂರುವ ಬಗೆಗಳನ್ನು ದಾಖಲಿಸಿದರೆ ಅದು ಸಾಮಾಜಿಕ ಇತಿಹಾಸಕ್ಕೂ ಒಂದು ಆಕರವಾಗುತ್ತದೆ.

ಊಟ್‌ಹೋಫ್ ಕಂಡದ್ದು ಸುಳ್ಳಾಗಿರಲಿಲ್ಲ; ಕಂಡದ್ದರಲ್ಲಿ ಎರಡನ್ನು ಒಂದಾಗಿ ಓದಿದುದು ದೋಷವಾಯಿತು. ಅದನ್ನು ತಿದ್ದಲು ವೈದ್ಯಲೋಕಕ್ಕೆ ಒಂದು ಶತಮಾನ ಹಿಡಿಯಿತು. ಚಲನೆ ಮತ್ತು ಕೂಲಿ, ಕೂರುವುದು ಮತ್ತು ಕುರ್ಚಿ, ದಣಿವು ಮತ್ತು ಮೈಗಳ್ಳತನ ಇವುಗಳನ್ನು ಒಂದೊಂದಾಗಿ ಬಿಡಿಸಿ ಓದುವ ಕೆಲಸ ಈಗ ನಮ್ಮ ಮುಂದಿದೆ. ಅದಕ್ಕೆ ಮತ್ತೊಂದು ಶತಮಾನ ಹಿಡಿಯಬೇಕಾಗಿಲ್ಲ.